ಒಂದ ಧಾಟಿ, ಎರಡ ಹಾಡು

‘ಕಸ್ತೂರಿ ನಿವಾಸ’ದ ಗೊಂಬಿ ಹಾಡು ಗೊತ್ತಿಲ್ಲದವರು ನಮ್ಮ ಪೈಕಿ ಯಾರೂ ಇರಲಿಕ್ಕಿಲ್ಲ. ‘ಆಡಿಸಿ ನೋಡು’ ಅಂದ್ರ ಸಾಕು, ಸಣ್ಣ ಹುಡುಗ್ರೂ ಮುಂದಿಂದು ಹಾಡ್ತಾವ. ಆದ್ರ ಆ ಹಾಡು ಸಿನೆಮಾದಾಗ ಎರಡು ಸಲ ಬರ್ತದ. ಎರಡನೇದು ದುಃಖದ್ದು. ಅದನ್ನ ಲಗ್ನ-ಮುಂಜಿವಿ ಮನಿಯಾಗ ಯಾರೂ ಹಾಡೂದಿಲ್ಲ. ನಮ್ಮವ್ವಗ ಮಾತ್ರ ಅದೇ ಬೇಕು.

1971ರ ಸಿನೆಮಾ ಅದು. ಚಿ. ಉದಯಶಂಕರ್ ಬರದದ್ದು, ಜಿ.ಕೆ. ವೆಂಕಟೇಶ್ ಸಂಗೀತ, ಎರಡೂ ಸಲ ದನಿ ಪಿ.ಬಿ. ಶ್ರೀನಿವಾಸ್ ಅವರದೇ. ಧಾಟಿನೂ ಒಂದೇ. ಮೊದಲನೇ ಸಲ ಅದು ಆಟದ ಹಾಡು, ನಮಗೂ ಬಾಯಿಪಾಠ ಆಗಿಬಿಡ್ತದ. ಅದೇ ಧಾಟಿ ಎಲ್ಲಾ ಕಳಕೊಂಡ ಮನಷ್ಯಾನ ಕಥಿಯೊಳಗ ನಿಧಾನಾಗಿ ತಿರುಗಿ ಬರ್ತದ. ಹೊಸಾ ಹಾಡಾಗಿದ್ರ ಇಷ್ಟು ಸಂಕಟ ಆಗ್ತಿರಲಿಲ್ಲ ಅಂತ ನನಗನಸ್ತದ. ನಕ್ಕೋತ ಇದ್ದವರನ್ನ ಮುಂದ ದವಾಖಾನಿಯಾಗ ನೋಡಿಧಂಗ ಆಗ್ತದ. ಅದರಾಗ ಪಿ.ಬಿ.ಎಸ್. ಬಿಕ್ಕಿ ಬಿಕ್ಕಿ ಅಳೂದಿಲ್ಲ ನೋಡ್ರಿ, ಆ ಮೆತ್ತನ್ನ ದನಿಯಾಗ ಸುಮ್ಮನ ಹೇಳ್ಕೋತ ಹೋಗ್ತಾರ. ಅಳೂದು ನಮಗ ಬಿಟ್ಟದ್ದು.

ಒಂದಿನ ನನ್ನ ಮಗಳು, “ಆ ಗೊಂಬಿ ಬಿದ್ರೂ ಹ್ಯಾಂಗ ಏಳ್ತದ?” ಅಂತ ಕೇಳಿದ್ಳು. ಬುಡಕ್ಕ ಭಾರ ಇಟ್ಟಿರ್ತಾರ, ಅದಕ್ಕ ಅಂದೆ. ಚಪಾತಿ ಲಟ್ಟಸ್ತಿದ್ದ ಅವ್ವ, “ಹೌದು, ಭಾರ ಯಾವಾಗಲೂ ಕೆಳಗಿದ್ದವರಿಗೇ” ಅಂದ್ಳು.

ನಮ್ಮ ಅಪ್ಪಂದು ಕಿರಾಣಿ ಅಂಗಡಿ ಇತ್ತು. ‘ಇಲ್ಲ’ ಅನ್ನೋ ಮಾತು ಅವರ ಬಾಯಾಗ ಬರ್ತಿರಲಿಲ್ಲ. ಉದ್ರಿ ವಹಿ ತುಂಬಿತು, ಅಂಗಡಿ ಖಾಲಿ ಆತು. ಊರ ಮಂದಿಯೆಲ್ಲಾ ಅಪ್ಪಗ ಧರ್ಮಾತ್ಮ ಅಂದ್ರು. ಆದ್ರ ಮನಿಗೆ ಯಾರರೆ ಬಂದ್ರ, ಹಿತ್ತಲಬಾಗಲಿಂದ ಹೋಗಿ ಬಾಜೂ ಮನಿ ವೈನಿ ಕಡೆ ಒಂದು ವಾಟಗ ಸಕ್ಕರಿ ಇಸಕೊಂಡು ಬರಾಕಿ ಅವ್ವ.

ಸಿನೆಮಾದ ಕಡೀಕ ರಾಜಕುಮಾರ್, ಮನಿಗೆ ಬಂದ ಜಯಂತಿಗೆ ಊಟಾ ಹಾಕಲಿಕ್ಕೆ ತಾನು ಜೀವಧಂಗ ಸಾಕಿದ ಪಾರಿವಾಳ ಮಾರ್ತಾರ. ಆಕಿ ಬಂದದ್ದೇ ಆ ಪಾರಿವಾಳ ಕೇಳಲಿಕ್ಕೆ! ಎಲ್ಲಾರೂ ಅಲ್ಲೆ ಅಳ್ತಾರ. ಅವ್ವ ಅಳೂದಿಲ್ಲ. “ಅಂವಾ ಪಾರಿವಾಳ ಮಾರಿದ್ದಕ್ಕ ಊರೇ ಅತ್ತಿತು. ನನ್ನ ಪಾಟ್ಲಿ ಹೋದದ್ದು ಯಾರಿಗೆ ಗೊತ್ತಾತು?” ಅಂತಾಳ. ನನಗೂ ಖರೇ ಅನಸ್ತದ. ಕೊಡೋ ಕೈ ಬಗ್ಗೆ ಹಾಡು ಭಾಳ ಅವ, ಡಬ್ಬಿ ಬುಡಾ ಕೆರೆಯೋ ಕೈ ಬಗ್ಗೆ ಯಾರು ಬರದಾರ?

ಅಷ್ಟಾದ್ರೂ ರೇಡಿಯೋದಾಗ ದುಃಖದ ಹಾಡು ಬಂದ್ರ ಮಾತಾಡೋರನ್ನ ಸುಮ್ಮನಿರಿಸ್ತಾಳ. ಅಪ್ಪ ಹೋಗಿ ಈಗ ಭಾಳ ವರ್ಷ ಆತು. ಯಾಕ ಅದೇ ಬೇಕವ್ವಾ ಅಂದ್ರ, “ಖುಷೀದರಾಗ ಅಂವಗ ಏನೂ ತಿಳದಿರೂದಿಲ್ಲ. ಇದರಾಗ ತಿಳದದ, ಆದ್ರೂ ಯಾರ್ನೂ ಬೈಯೂದಿಲ್ಲ. ನಿಮ್ಮಪ್ಪನೂ ಹಂಗೇ ಇದ್ರು” ಅಂದ್ಳು.

ಎರಡೂ ಹಾಡು ಒಂದರ ಹಿಂದ ಒಂದು ಹಚ್ಚಿ ಕೇಳ್ರಿ, ಮೊದಲು ಖುಷೀದು. ಉಳ್ಳಾಗಡ್ಡಿ ಹೆಚ್ಚೂ ಮುಂದ ಕೇಳಿದ್ರ ಛಲೋ, ಕಣ್ಣಾಗ ಯಾಕ ನೀರು ಅಂತ ಮನಿಯಾಗ ಯಾರೂ ಕೇಳೂದಿಲ್ಲ.