ಎತ್ತಿನ ಹೊಟ್ಟೆಯೂ ಸಾಹೇಬರ ಬಂಗಲೆಯೂ

ಟಿ.ಬಿ. ಎಂದೊಡನೆ ಇಂದಿನ ವಿದ್ಯಾರ್ಥಿಗಳಿಗೆ ನೆನಪಾಗುವುದು ಕ್ಷಯರೋಗ. ಅವರ ಅಜ್ಜಂದಿರಿಗೆ ಆ ಎರಡಕ್ಷರದ ಅರ್ಥವೇ ಬೇರೆ: ಟ್ರಾವೆಲರ್ಸ್ ಬಂಗಲೆ. ಹೆಂಚಿನ ಮಾಡು, ಅಗಲವಾದ ಜಗಲಿ, ಎದುರಿಗೊಂದು ದೊಡ್ಡ ಮರ. ಕರ್ನಾಟಕದ ಹಲವು ಊರುಗಳಲ್ಲಿ ಬಂಗಲೆ ಮರೆತುಹೋಗಿದ್ದರೂ 'ಟಿ.ಬಿ. ಸರ್ಕಲ್', 'ಟಿ.ಬಿ. ರಸ್ತೆ' ಎಂಬ ಹೆಸರು ಉಳಿದಿದೆ.

ಈ ಬಂಗಲೆಗಳು ರಸ್ತೆಯ ಮಕ್ಕಳು. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನ ಬ್ರಿಟಿಷ್ ಆಡಳಿತದಲ್ಲಿತ್ತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಗಾಡಿರಸ್ತೆಗಳು ಬೆಳೆದವು. ಬಿದನೂರು ನಗರದ ಹೆಸರು ಹೊತ್ತ 'ನಗರ ಡಿವಿಜನ್'ಗೆ ಶಿವಮೊಗ್ಗವೇ ಕೇಂದ್ರ. ಅಧಿಕಾರಿಗಳು ಬಂದುಹೋಗುತ್ತಲೇ ಇರಬೇಕು, ಬಂದವರು ತಂಗಬೇಕು.

ತಂಗುವುದೆಲ್ಲಿ? ಅದನ್ನು ತೀರ್ಮಾನಿಸುತ್ತಿದ್ದುದು ಸಾಹೇಬರಲ್ಲ, ಎತ್ತು! ಗಾಡಿ ಎಳೆಯುವ ಎತ್ತು ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡೆದೀತು. ಆದರೆ ಅದು ಮೆಲುಕು ಹಾಕುವ ಪ್ರಾಣಿ. ನುಂಗಿದ ಹುಲ್ಲನ್ನು ಮತ್ತೆ ಬಾಯಿಗೆ ತಂದು ಅಗಿಯಲು ಅದಕ್ಕೆ ದಿನಕ್ಕೆ ಏಳೆಂಟು ಗಂಟೆ ಬೇಕು. ಮೇಯಲು, ನೀರು ಕುಡಿಯಲು ಬೇರೆ ಹೊತ್ತು. ಹೀಗೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಸಾಗಿದರೆ ದೊಡ್ಡದು. ಬೀರೂರಿನಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ನಡುವೆ ತರೀಕೆರೆ, ಬೆಂಕಿಪುರ. ಬೆಂಕಿಪುರವೆಂದರೆ ಇಂದಿನ ಭದ್ರಾವತಿ. ಎತ್ತಿನ ಲೆಕ್ಕದಲ್ಲಿ ಇದು ಮೂರು ದಿನದ ಹಾದಿ. ಈಗ ಭದ್ರಾವತಿಯಲ್ಲಿ ಬಸ್ಸು ಹತ್ತಿದವರು ಶಿವಮೊಗ್ಗದಲ್ಲಿ ಇಳಿಯಲು ಒಂದು ಗಂಟೆಯೂ ಬೇಡ.

ಬಂಗಲೆಗೆ ಬಂದ ಸಾಹೇಬರು ರಿಜಿಸ್ಟರಿನಲ್ಲಿ ಹೆಸರು, ಹುದ್ದೆ, ಬಂದ ಹೊತ್ತು, ಹೊರಟ ಹೊತ್ತು ಬರೆಯಬೇಕಿತ್ತು. ಅವರ ಗಾಡಿ ಕಂಡೊಡನೆ ಬಟ್ಲರ್ ಅಂಗಳದ ಕೋಳಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಸ್ವಲ್ಪ ಹೊತ್ತಿನಲ್ಲೇ ಅದು ತಟ್ಟೆಗೆ ಬರುತ್ತಿತ್ತು. ಇಂಗ್ಲಿಷರು ಆ ಅಡಿಗೆಗೆ ಇಟ್ಟ ಹೆಸರು 'ಹಠಾತ್ ಮರಣ'!

ಎಲ್ಲರಿಗೂ ಈ ಉಪಚಾರ ಇರಲಿಲ್ಲ. ದೇಶೀಯ ಪ್ರಯಾಣಿಕರಿಗೆ ಛತ್ರ, ಮುಸಾಫಿರ್‌ಖಾನೆಗಳು. ಛತ್ರದಲ್ಲೂ ಜಾತಿ ಕೇಳಿ ಬಾಗಿಲು ತೆರೆಯುವ ಕಾಲವದು. ಅಲ್ಲಿಯೂ ಜಾಗ ಸಿಗದವರಿಗೆ ಮರದ ನೆರಳು, ಗಾಡಿಯ ಕೆಳಗಿನ ಗೋಣಿತಾಟು. ಸಾಹೇಬರನ್ನು ಕರೆತಂದ ಗಾಡಿಯಾಳು ಮಲಗುತ್ತಿದ್ದುದೂ ಎತ್ತುಗಳ ಪಕ್ಕದಲ್ಲೇ.

1899ರಲ್ಲಿ ಬೀರೂರು–ಶಿವಮೊಗ್ಗ ರೈಲು ಬಂತು. ಮೂರು ದಿನದ ಹಾದಿ ಕೆಲವೇ ಗಂಟೆಗಳದಾಯಿತು. ಉಗಿಯಂತ್ರಕ್ಕೆ ನೀರು, ಸೌದೆ ಅಥವಾ ಕಲ್ಲಿದ್ದಲು ಬೇಕು, ಮೆಲುಕು ಬೇಕಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಊರಿಗೆ ಹೊಸ ಬಗೆಯ ಅತಿಥಿಗಳು ಬಂದರು: ಇಂಜಿನಿಯರುಗಳು, ತಜ್ಞರು, ಕಾರ್ಖಾನೆಯ ಹೊಣೆ ಹೊತ್ತ ಸರ್ ಎಂ. ವಿಶ್ವೇಶ್ವರಯ್ಯನವರು. ಬಂಗಲೆ ಈಗ ಎತ್ತು ದಣಿಯುವ ಜಾಗವಲ್ಲ, ಕೆಲಸವಿರುವ ಜಾಗಕ್ಕೆ ಸೇರಿದ್ದು. ವಾಹನ ಬದಲಾದರೆ ಮನೆಯ ಅರ್ಥವೂ ಬದಲಾಗುತ್ತದೆ.

ಸ್ವಾತಂತ್ರ್ಯಾನಂತರ ಇಂತಹ ಹಲವು ಬಂಗಲೆಗಳು 'ಪ್ರವಾಸಿ ಮಂದಿರ'ಗಳಾದವು. ಕೆಲವು ಕುಸಿದವು. ರಿಜಿಸ್ಟರುಗಳಲ್ಲಿ ಗೆದ್ದಲಿಗೆ ಸಿಕ್ಕದ್ದು ಉಳಿದಿದ್ದರೆ ಅಲ್ಲಿರುವುದು ಒಂದೆರಡು ರಾತ್ರಿ ಮಲಗಿ ಹೋದವರ ಹೆಸರು. ವರ್ಷಗಟ್ಟಲೆ ಅಲ್ಲೇ ಬಾಳಿದ ಬಟ್ಲರ್, ನೀರು ಹೊತ್ತ ಹೆಂಗಸು, ಕಸ ಗುಡಿಸಿದಾತ ಯಾವ ಪುಟದಲ್ಲೂ ಸಿಗುವುದಿಲ್ಲ. ನಿಜವಾದ ನಿವಾಸಿಗಳು ಅವರೇ ಅಲ್ಲವೇ?

ಗಾಡಿ ಹೊಡೆದ, ಬಂಗಲೆಯಲ್ಲಿ ಅಡಿಗೆ ಮಾಡಿದ ಹಿರಿಯರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಈ ರಜೆಯಲ್ಲಿ ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಅವರ ಜಗಲಿಯಲ್ಲಿ ಕೂರಲಿ, ತಂದೆತಾಯಿಯರೂ ಜೊತೆಗಿರಲಿ. ಮೊದಲ ಪುಟದಲ್ಲಿ ಹೇಳುವವರ ಹೆಸರು, ಊರು ಬರೆದುಕೊಳ್ಳಲಿ. ರಿಜಿಸ್ಟರಿನಲ್ಲಿ ಬಿಟ್ಟುಹೋದ ಸಾಲು ಅದೇ.