ಭಾನುವಳ್ಳಿಯಲ್ಲಿ ಕಪ್ ಗೆದ್ದ ರಾತ್ರಿ

ದಾವಣಗೆರೆಗೆ ಹೋದವರು ಬೆಣ್ಣೆದೋಸೆ ತಿನ್ನದೆ ಬರುವುದಿಲ್ಲ. ಹರಿಹರಕ್ಕೆ ಹೋದವರು ತುಂಗಭದ್ರೆಗೆ ಕೈಮುಗಿದು, ಹರಿಹರೇಶ್ವರನ ಗುಡಿಗೆ ಒಂದು ಸುತ್ತು ಹಾಕದೆ ಬರುವುದಿಲ್ಲ. ಆದರೆ ಭಾನುವಳ್ಳಿಗೆ ಹೋಗಿ ಬಂದವರು ಎಷ್ಟು ಮಂದಿ ಇದ್ದೀರಿ? ಕೈ ಎತ್ತಿ ನೋಡೋಣ! ಹರಿಹರ ತಾಲ್ಲೂಕಿನ ಆ ಊರಿಗೆ ನೀವು ಹೋಗಬೇಕಾದರೆ ಒಂದೋ ಅಲ್ಲಿ ನಿಮಗೆ ಗದ್ದೆ ಇರಬೇಕು, ಇಲ್ಲವೇ ನೆಂಟರಿರಬೇಕು. ನನಗೆ ಗದ್ದೆ ಇಲ್ಲ, ನೆಂಟರಿದ್ದಾರೆ. ನಮ್ಮ ಚಿಕ್ಕಮ್ಮನನ್ನು ಕೊಟ್ಟ ಊರು ಅದು.

2025ರ ಜೂನ್ 3, ಮಂಗಳವಾರ. ದಾವಣಗೆರೆಯ ಹಳೆಯ ಟಾಕೀಸುಗಳ ಬಗ್ಗೆ ಒಂದು ಬರಹಕ್ಕಾಗಿ ಎರಡು ದಿನದಿಂದ ಅಲ್ಲೇ ಅಲೆಯುತ್ತಿದ್ದೆ. ಸಂಜೆ ಹೊತ್ತಿಗೆ ಊರಿನ ಬಣ್ಣವೇ ಬದಲಾಯಿತು ನೋಡಿ! ಆಟೋಗಳ ಮೇಲೆ ಕೆಂಪು ಬಾವುಟ, ಬೈಕುಗಳ ಮೇಲೆ ಕೆಂಪು ಬನಿಯನ್ನು, ಮಿರ್ಚಿ ಅಂಗಡಿಯ ಬಾಣಲೆಯ ಮುಂದೂ ಅದೇ ಮಾತು.... ‘ಈ ಸಲ ಕಪ್ ನಮ್ದೇ!’ ಲಾಡ್ಜಿನ ಕೋಣೆಯಲ್ಲಿ ಒಬ್ಬನೇ ಕೂತು ಇಂಥ ಮ್ಯಾಚು ನೋಡುವುದುಂಟೆ? ಚೀಲ ಹೆಗಲಿಗೆ ಏರಿಸಿ ಹರಿಹರದ ಬಸ್ಸು ಹತ್ತಿದೆ. ಅಲ್ಲಿಂದ ಭಾನುವಳ್ಳಿ.

ಹರಿಹರದ ಗುಡಿಯೊಳಗಿನ ಮೂರ್ತಿ ಅರ್ಧ ವಿಷ್ಣು, ಅರ್ಧ ಶಿವ. ಹೊಯ್ಸಳರ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲಿ ಕಟ್ಟಿಸಿದ್ದು. ಇಬ್ಬರು ದೇವರು ಒಂದೇ ಮೈಯಲ್ಲಿ ನಿಂತ ತಾಲ್ಲೂಕಿನಲ್ಲಿ ನಮ್ಮ ಹುಡುಗರು ಮಾತ್ರ ಒಂದಾಗಿ ನಿಂತದ್ದನ್ನು ನಾನು ಕಂಡಿರಲಿಲ್ಲ. ಅಪ್ಪು ಅಭಿಮಾನಿ ಒಂದು ಕಡೆ, ಕಿಚ್ಚನ ಅಭಿಮಾನಿ ಒಂದು ಕಡೆ, ಯಶ್ ಅಭಿಮಾನಿ ಇನ್ನೊಂದು ಕಡೆ. ಒಬ್ಬನ ಕಟೌಟಿಗೆ ಹಾರ ಬಿದ್ದರೆ ಇನ್ನೊಬ್ಬನ ಹೊಟ್ಟೆಯಲ್ಲಿ ಉರಿ! ಆ ರಾತ್ರಿ ಮಾತ್ರ ಎಲ್ಲರೂ ಒಂದೇ ಪಾರ್ಟಿ.

ಹದಿನೆಂಟು ವರ್ಷದ ರೀಲು

ಈ ಹುಚ್ಚು ಯಾಕೆ ಎಂದು ಕೇಳುವವರಿಗೆ ಸ್ವಲ್ಪ ಫ್ಲಾಶ್‌ಬ್ಯಾಕ್ ಬೇಕು. ಐ.ಪಿ.ಎಲ್. ಶುರುವಾದದ್ದು 2008ರಲ್ಲಿ. ಮರುವರ್ಷವೇ ನಮ್ಮ ಬೆಂಗಳೂರು ತಂಡ ಫೈನಲ್ಲಿಗೆ ಬಂತು. ಆಗ ನನಗೆ ಹನ್ನೆರಡು ವರ್ಷ. ಬೇಸಿಗೆ ರಜಕ್ಕೆ ಇದೇ ಭಾನುವಳ್ಳಿಯಲ್ಲಿದ್ದೆ. ಮೇ 24ರ ರಾತ್ರಿ, ದೂರದ ಜೋಹಾನ್ಸ್‌ಬರ್ಗ್. ನಮ್ಮ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋತೆವು. ಆಗಿನ ನಮ್ಮ ತಂಡದಲ್ಲಿ ದಾವಣಗೆರೆಯ ವಿನಯ್ ಕುಮಾರನೂ ಇದ್ದ. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಹೆಸರಾದ ಹುಡುಗ. ನಮ್ಮ ಜಿಲ್ಲೆಯವರಿಗೆ ಆರ್.ಸಿ.ಬಿ. ಮನೆಯ ತಂಡವಾದದ್ದು ಹಾಗೆ.

ಆಮೇಲೆ 2011. ಚೆನ್ನೈನಲ್ಲಿ 58 ರನ್ನಿನ ಸೋಲು. 2016ರಲ್ಲಿ ನಮ್ಮದೇ ಬೆಂಗಳೂರಿನ ಅಂಗಳದಲ್ಲಿ ಹೈದರಾಬಾದಿನ 208 ರನ್ ಬೆನ್ನು ಹತ್ತಿ, ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ 114 ಕೂಡಿಸಿಕೊಟ್ಟರೂ 8 ರನ್ನಿಗೆ ಎಡವಿದೆವು. ಅವತ್ತು ನನ್ನ ಚಿಕ್ಕಮ್ಮನ ಮಗನಿಗೆ ಹತ್ತು ವರ್ಷ. ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದನಂತೆ.

ಬೇರೆ ತಂಡಗಳಿಗೆ ಐದೈದು ಕಪ್ಪು. ನಮಗೆ ಬರೀ ಗೇಲಿ. ಹೀರೋ ಪ್ರತಿ ರೀಲಿನಲ್ಲೂ ಏಟು ತಿನ್ನುತ್ತಲೇ ಇದ್ದರೆ ಪ್ರೇಕ್ಷಕ ಎಷ್ಟು ದಿನ ತಡೆದಾನು? ಆದರೂ ಒಬ್ಬನೂ ಸೀಟು ಬಿಟ್ಟು ಏಳಲಿಲ್ಲ. 2024ರ ಮಾರ್ಚಿನಲ್ಲಿ ನಮ್ಮ ಹೆಣ್ಣುಮಕ್ಕಳ ತಂಡ ಮೊದಲ ಕಪ್ ತಂದುಕೊಟ್ಟಿತು. ಅದೇ ವಾರ ತಂಡದ ಹೆಸರಿನಲ್ಲಿದ್ದ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂತು. ನಮ್ಮ ರಿಷಬ್ ಶೆಟ್ಟರು ಕೋಣಗಳನ್ನು ನಿಲ್ಲಿಸಿಕೊಂಡು ಅದರ ಪ್ರಚಾರ ಮಾಡಿದ್ದನ್ನು ನೀವೆಲ್ಲ ನೋಡಿಯೇ ಇದ್ದೀರಿ. ಬಾಕಿ ಇದ್ದದ್ದು ಗಂಡಸರ ಕಪ್ಪು ಒಂದೇ!

ಕರೆಂಟ್ ಹೋಯಿತು!

ಗುಡಿ ಮುಂದಿನ ಕಟ್ಟೆಯ ಮೇಲೆ ಟಿ.ವಿ. ಇಟ್ಟಿದ್ದರು. ಮುಂದೆ ಚಾಪೆ, ಹಿಂದೆ ಪ್ಲಾಸ್ಟಿಕ್ ಕುರ್ಚಿ, ಅದರ ಹಿಂದೆ ಬೈಕಿನ ಮೇಲೆ ಕೂತವರು. ಗಾಂಧಿ ಕ್ಲಾಸು, ಬಾಲ್ಕನಿ, ಬಾಕ್ಸು ಎಲ್ಲ ರೆಡಿ! ಚಿಕ್ಕಮ್ಮ ಒಂದು ದೊಡ್ಡ ಬುಟ್ಟಿ ತುಂಬಾ ಒಗ್ಗರಣೆ ಮಂಡಕ್ಕಿ ಕಳಿಸಿದ್ದಳು.

ಅಹಮದಾಬಾದಿನಲ್ಲಿ ಮೊದಲು ಬ್ಯಾಟು ಹಿಡಿದ ನಮ್ಮವರು 9 ವಿಕೆಟ್ಟಿಗೆ 190. ಕೊಹ್ಲಿ 43. ಜಿತೇಶ್ ಶರ್ಮಾ ಹತ್ತೇ ಎಸೆತಕ್ಕೆ 24 ಬಾರಿಸಿದಾಗ ಸಿಳ್ಳೆಗೆ ಕಿವಿ ತೂತಾದವು. ಕೊನೆಯ ಓವರಿನಲ್ಲಿ ಅರ್ಶದೀಪ್ ಮೂರು ವಿಕೆಟ್ ಕಿತ್ತಾಗ ಅದೇ ಬಾಯಿಗಳು ಹೊಲಿದಂತಾದವು. ‘ಇನ್ನೊಂದಿಪ್ಪತ್ತು ಬೇಕಿತ್ತಲೇ....’ ಎಂದು ಯಾರೋ ನಿಟ್ಟುಸಿರು ಬಿಟ್ಟರು.

ಪಂಜಾಬಿನವರ ಸರದಿ. ಬೌಂಡರಿ ಗೆರೆಯಲ್ಲಿ ಸಾಲ್ಟ್ ಹಿಡಿದ ಕ್ಯಾಚಿಗೆ ಕಟ್ಟೆಯೇ ಕುಣಿಯಿತು. ಅವರ ನಾಯಕ ಶ್ರೇಯಸ್ ಅಯ್ಯರ್ ಒಂದೇ ರನ್ನಿಗೆ ಔಟ್! ಕೃಣಾಲ್ ಪಾಂಡ್ಯ 4 ಓವರಿನಲ್ಲಿ 17 ರನ್ ಕೊಟ್ಟು 2 ವಿಕೆಟ್ ತೆಗೆದು ಕುತ್ತಿಗೆ ಹಿಡಿದುಬಿಟ್ಟ. ಬಿಗಿ ಇರುವುದೇ ಇಲ್ಲಿ.... ಹದಿನಾರು ಓವರ್ ಮುಗಿದವು, ಗಾಳಿ ಬೀಸಿತು, ಫಕ್ಕನೆ ಕರೆಂಟ್ ಹೋಯಿತು!

ಓದುಗರೇ, ಕ್ಲೈಮ್ಯಾಕ್ಸಿನಲ್ಲಿ ರೀಲು ಕತ್ತರಿಸಿದರೆ ಟಾಕೀಸಿನಲ್ಲಿ ಏನಾಗುತ್ತದೋ ಅದೇ ಆಯಿತು. ಬೈಗುಳದ ಸುರಿಮಳೆ! ಕೊನೆಗೆ ನನ್ನ ತಮ್ಮನ ಮೊಬೈಲು ಹೊರಗೆ ಬಂತು. ಅಂಗೈಯಗಲದ ಪರದೆಗೆ ನಲವತ್ತು ತಲೆ. ಆದರೆ ಮೊಬೈಲಿನ ಆಟ ಟಿ.ವಿ.ಗಿಂತ ಅರ್ಧ ನಿಮಿಷ ಹಿಂದೆ ಓಡುತ್ತದಲ್ಲ? ಆಚೆ ಕೇರಿಯ ಒಂದು ಮನೆಯಲ್ಲಿ ಇನ್ವರ್ಟರ್ ಇತ್ತು. ಅಲ್ಲಿಂದ ‘ಹೋ....’ ಎಂದು ಕೂಗು ಕೇಳುತ್ತದೆ. ಏನಾಯಿತೆಂದು ನಮಗೆ ತಿಳಿಯದು! ವಿಕೆಟ್ಟೋ? ಸಿಕ್ಸರೋ? ಎದೆ ಹಿಡಿದುಕೊಂಡು ಕಾಯುವುದು. ಭುವನೇಶ್ವರ್ ಒಂದೇ ಓವರಿನಲ್ಲಿ ವಧೇರಾನನ್ನೂ ಸ್ಟೋಯ್ನಿಸನನ್ನೂ ಕೆಡವಿದ್ದನ್ನು ನಾವು ಮೊದಲು ಕೇಳಿದ್ದು ಆ ಕೇರಿಯ ಕೂಗಿನಲ್ಲಿ, ಕಂಡದ್ದು ಆಮೇಲೆ. ಅಂಥ ಥ್ರಿಲ್ಲು ಯಾವ ಡೈರೆಕ್ಟರೂ ಕೊಟ್ಟಿಲ್ಲ!

ಕೊನೆಯ ಓವರಿಗೆ 29 ರನ್. ಬಾಲು ಹೇಜಲ್‌ವುಡ್ ಕೈಯಲ್ಲಿ. ಮೊದಲೆರಡು ಎಸೆತಕ್ಕೆ ರನ್ನೇ ಇಲ್ಲ. ಉಳಿದ ನಾಲ್ಕಕ್ಕೂ ಸಿಕ್ಸರ್ ಹೊಡೆದರೂ 24 ತಾನೇ? ಆ ಲೆಕ್ಕ ಮೊದಲು ಹೊಳೆದದ್ದು ಪಿ.ಯು.ಸಿ.ಗೆ ಅರ್ಧದಲ್ಲೇ ಶರಣು ಹೊಡೆದ ನನಗಲ್ಲ, ಏಳನೇ ಕ್ಲಾಸಿನ ಒಬ್ಬ ಪೋರನಿಗೆ! ‘ಗೆದ್ವಿ ಗೆದ್ವಿ’ ಎಂದು ಅವನು ಕೂಗುವ ಹೊತ್ತಿಗೆ ಅತ್ತ ಮೈದಾನದಲ್ಲಿ ಕೊಹ್ಲಿಯ ಕಣ್ಣಲ್ಲಿ ನೀರು. ಶಶಾಂಕ್ ಸಿಂಗ್ ಆಮೇಲೆ ಆರು, ನಾಲ್ಕು, ಆರು, ಆರು ಚಚ್ಚಿದ. ಚಚ್ಚಲಿ ಬಿಡಿ! 184ಕ್ಕೆ ಆಟ ಮುಗಿಯಿತು. 2009ರಲ್ಲಿ ಸೋತದ್ದು 6 ರನ್ನಿಗೆ, 2025ರಲ್ಲಿ ಗೆದ್ದದ್ದೂ 6 ರನ್ನಿಗೆ. ಸಾಲ ತೀರಿತು.

ಅಷ್ಟು ಹೊತ್ತಿಗೆ ಕರೆಂಟೂ ಬಂತು! ಪಟಾಕಿ, ಗುಲಾಲು, ಟ್ರ್ಯಾಕ್ಟರಿನ ಟ್ರೇಲರ್ ತುಂಬಾ ಹುಡುಗರು. ಗದ್ದಲಕ್ಕೆ ಎದ್ದು ಬಂದ ಒಬ್ಬ ಅಜ್ಜ, ‘ಯಾರಪ ಗೆದ್ದಿದ್ದು? ನಮ್ಮೋರಾ?’ ಎಂದು ಕೇಳಿದರು. ‘ಹ್ಞೂಂ ಅಜ್ಜ, ನಮ್ಮೋರೇ!’ ಎಂದು ಅವರ ಹಣೆಗೂ ಗುಲಾಲು ಬಳಿದರು. ತಂಡದಲ್ಲಿ ಡೆಲ್ಲಿಯವರಿದ್ದರು, ಇಂದೋರಿನವರಿದ್ದರು, ಆಸ್ಟ್ರೇಲಿಯಾದವರೂ ಇದ್ದರು. ಅಜ್ಜನಿಗೆ ಅದೆಲ್ಲ ಯಾಕೆ? ನಮ್ಮವರೆಂದರೆ ನಮ್ಮವರು.

ಐನೂರು ರೂಪಾಯಿ

ಇಲ್ಲಿಗೇ ‘ಶುಭಂ’ ಹಾಕಬಹುದಿತ್ತು. ಆದರೆ ಕಥೆ ಮುಗಿಯಲಿಲ್ಲ.

ಬೆಳಿಗ್ಗೆ ಎದ್ದರೆ ಮೊಬೈಲ್ ತುಂಬಾ ಒಂದೇ ಸುದ್ದಿ. ಇವತ್ತೇ ಕಪ್ಪು ಬೆಂಗಳೂರಿಗೆ ಬರುತ್ತದೆ, ಸಂಜೆ ವಿಜಯಯಾತ್ರೆ! ನನ್ನ ತಮ್ಮ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಹತ್ತೊಂಬತ್ತು ವರ್ಷ. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ನನ್ನ ಪಕ್ಕಕ್ಕೆ ಬಂದು ನಿಂತ.

‘ಅಣ್ಣಾ, ಒಂದ್ ಐನೂರು ಇದ್ರೆ ಕೊಡಣ್ಣ. ಸೋಮವಾರ ಬಟವಾಡೆ ಆಗ್ತತಿ, ಕೊಡ್ತೀನಿ.’

‘ಎಲ್ಲಿಗೆ ಹೊಂಟೆಲೇ?’

‘ಬೆಂಗ್ಳೂರಿಗೆ. ಅವ್ವಗೆ ಹೇಳ್ಬ್ಯಾಡ.’

ನಾನು ಬೈಯಬೇಕಿತ್ತೇ? ಇದೇ ವಯಸ್ಸಿನಲ್ಲಿ ಮೊದಲ ದಿನದ ಮೊದಲ ಆಟಕ್ಕೆ ನಾನೂ ಕಾಲೇಜಿಗೆ ಚಕ್ಕರ್ ಹೊಡೆದವನು. ಹದಿನೆಂಟು ವರ್ಷಕ್ಕೊಮ್ಮೆ ಬಂದ ಗಳಿಗೆ! ನೋಟು ತೆಗೆದು ಅವನ ಜೇಬಿಗೆ ಸಿಕ್ಕಿಸಿದೆ. ಇಬ್ಬರು ಗೆಳೆಯರ ಜೊತೆ ಅವನು ಹೊರಟ. ನಾನು ದಾವಣಗೆರೆಗೆ ಮರಳಿದೆ.

ಸಂಜೆ ಐದರ ಸುಮಾರಿಗೆ ಹೋಟೆಲಿನಲ್ಲಿ ದೋಸೆಗೆ ಹೇಳಿ ಕೂತಿದ್ದೆ. ಗೋಡೆಯ ಟಿ.ವಿ.ಯಲ್ಲಿ ಚಿನ್ನಸ್ವಾಮಿ ಸ್ಟೇಡಿಯಂನ ಗೇಟು. ಮೊದಲು ಜನ.... ಆಮೇಲೆ ಆಂಬುಲೆನ್ಸು. ಆಮೇಲೆ ರಸ್ತೆಯ ತುಂಬಾ ಬಿದ್ದ ಚಪ್ಪಲಿಗಳು. ಕಾಲ್ತುಳಿತ ಎಂದರು. ಮೂರು ಎಂದರು, ಏಳು ಎಂದರು. ಹನ್ನೊಂದು ಎಂದಾಗ ನನ್ನ ದೋಸೆ ತಣ್ಣಗಾಗಿತ್ತು.

ತಮ್ಮನ ಫೋನು ಸ್ವಿಚ್ ಆಫ್. ಗೆಳೆಯರದೂ ಸಿಗಲಿಲ್ಲ. ಸಿಕ್ಕ ಬಸ್ಸು ಹಿಡಿದು ಭಾನುವಳ್ಳಿಗೆ ಓಡಿದೆ. ಅದೇ ಗುಡಿ, ಅದೇ ಕಟ್ಟೆ. ಹಿಂದಿನ ರಾತ್ರಿಯ ಪಟಾಕಿಯ ಕಾಗದ ಇನ್ನೂ ಬಿದ್ದಿತ್ತು. ಚಿಕ್ಕಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಅಳಲಿಲ್ಲ, ಬೈಯಲಿಲ್ಲ.

‘ದುಡ್ಡು ನೀನೇ ಕೊಟ್ಟೆಂತೆ?’

ಅಷ್ಟೇ ಕೇಳಿದ್ದು. ಉತ್ತರ ಎಲ್ಲಿಂದ ತರಲಿ? ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಯಾರದೋ ನಂಬರಿನಿಂದ ಫೋನು ಬಂತು. ‘ಅಣ್ಣಾ, ನಾವು ಮೂರೂ ಜನ ಮೆಜೆಸ್ಟಿಕ್‌ನಾಗೆ ಅದೀವಿ. ಚಾರ್ಜ್ ಹೋಗಿತ್ತು.’ ಚಿಕ್ಕಮ್ಮ ಫೋನು ಕಿತ್ತುಕೊಂಡವಳು ಒಂದು ಮಾತೂ ಆಡದೆ ಅವನ ದನಿ ಕೇಳುತ್ತಾ ಕೂತಳು.

ಒಂದೇ ಚಪ್ಪಲಿ

ಮರುದಿನ ಬಂದವನ ಕಾಲಲ್ಲಿ ಒಂದೇ ಚಪ್ಪಲಿ. ಗೇಟಿನ ಹತ್ತಿರದ ನೂಕಿನಲ್ಲಿ ಇನ್ನೊಂದು ಕಳಚಿತಂತೆ. ಬಗ್ಗಿ ತೆಗೆದುಕೊಳ್ಳಲು ಹೋದಾಗ, ಮುಖ ಕಾಣದ ಯಾರೋ ಒಬ್ಬರು ಕಾಲರ್ ಹಿಡಿದು ಮೇಲಕ್ಕೆ ಎಳೆದು, ‘ಬಗ್ಗಬೇಡ್ವೋ, ಸಾಯ್ತೀಯ!’ ಎಂದು ಚೀರಿದರಂತೆ. ‘ಕಾಲು ನೆಲಕ್ಕೆ ಹತ್ತತಿರಲಿಲ್ಲ ಅಣ್ಣ. ಉಸಿರು ತಗಳಕೆ ಎದೆ ಏಳ್ತಿರಲಿಲ್ಲ’ ಎಂದ. ಕಪ್ಪು ನೋಡಿದೆಯಾ ಎಂದರೆ, ‘ಎಲ್ಲಿ ಕಪ್ಪು....’

ಆ ಸ್ಟೇಡಿಯಂ ಹಿಡಿಸುವುದು ಸುಮಾರು 35 ಸಾವಿರ ಜನರನ್ನು. ಆ ದಿನ ಅಲ್ಲಿಗೆ ಬಂದವರು ಎರಡು ಮೂರು ಲಕ್ಷ ಎಂದು ಸರ್ಕಾರವೇ ಹೇಳಿತು. ಸತ್ತವರು 11, ಗಾಯಗೊಂಡವರು 50ಕ್ಕೂ ಹೆಚ್ಚು. ಸತ್ತವರಲ್ಲಿ ಬಹಳಷ್ಟು ಮಂದಿ ನಿಮ್ಮ ನಮ್ಮ ವಯಸ್ಸಿನವರು, ಇನ್ನೂ ಚಿಕ್ಕವರೂ ಇದ್ದರು. ತಪ್ಪು ಯಾರದು ಎಂಬುದಕ್ಕೆ ವಿಚಾರಣೆಗಳು ನಡೆದವು. ಅದು ದೊಡ್ಡವರ ಪಾಲಿನದು. ನಾನು ಹೇಳುವುದು ನಮ್ಮ ಪಾಲಿನದು.

ಅಭಿಮಾನಿ ಮಿತ್ರರೇ, ನೂಕುನುಗ್ಗಲು ನಮಗೆ ಹೊಸದಲ್ಲ. ಟಿಕೆಟ್ ಕಿಟಕಿಯ ಮುಂದೆ ಹೆಗಲ ಮೇಲೆ ಹತ್ತಿ ಹೋಗಿ ಬಾಲ್ಕನಿ ಟಿಕೆಟ್ ತಂದವನೇ ನಮ್ಮಲ್ಲಿ ಶೂರ. ಆದರೆ ಟಾಕೀಸಿನ ಕ್ಯೂಗೆ ಕಬ್ಬಿಣದ ಕಂಬಿ ಹಾಕಿರುವುದು ಯಾಕೆಂದು ಯೋಚಿಸಿದ್ದೀರಾ? ಒಬ್ಬನ ಹಿಂದೆ ಒಬ್ಬನೇ ನಿಲ್ಲಲಿ, ಹಿಂದಿನ ನೂರು ಜನರ ಭಾರ ಮುಂದಿನವನ ಎದೆಯ ಮೇಲೆ ಬೀಳದಿರಲಿ ಎಂದು. ಇಂಥ ಗುಂಪಿನಲ್ಲಿ ಬಹಳ ಮಂದಿ ಸಾಯುವುದು ತುಳಿತದಿಂದಲ್ಲ, ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟಿ. ಹಿಂದೆ ನಿಂತು ‘ಹೋಗ್ರಲೇ’ ಎಂದು ತಳ್ಳುವವನಿಗೆ ಮುಂದೆ ಒಬ್ಬ ಸಾಯುತ್ತಿದ್ದಾನೆಂದು ತಿಳಿಯುವುದೇ ಇಲ್ಲ.

ಅದಕ್ಕೇ ಇದನ್ನು ಮರೆಯಬೇಡಿ. ಪಕ್ಕದವನ ಹೆಗಲು ನಿಮ್ಮ ಹೆಗಲಿಗೆ ಎರಡೂ ಕಡೆಯಿಂದ ಒತ್ತತೊಡಗಿದರೆ ಅಲ್ಲಿಂದಲೇ ಹಿಂದಕ್ಕೆ ಸರಿಯಿರಿ. ಸಿಕ್ಕಿಬಿದ್ದರೆ ಎರಡೂ ಕೈ ಮಡಚಿ ಎದೆಯ ಮುಂದೆ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ಎದುರು ಈಜಬೇಡಿ, ನೂಕು ಸ್ವಲ್ಪ ಸಡಿಲಾದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಗೋಡೆ, ಗೇಟುಗಳಿಂದ ದೂರವಿರಿ. ಬಿದ್ದ ಚಪ್ಪಲಿಗೆ, ಮೊಬೈಲಿಗೆ ಬಗ್ಗಬೇಡಿ. ಬಿದ್ದವನನ್ನು ಮಾತ್ರ ಎತ್ತಿ.

ಸೋಮವಾರ ತಮ್ಮ ಐನೂರರ ನೋಟು ಹಿಡಿದುಕೊಂಡು ದಾವಣಗೆರೆಗೇ ಬಂದ. ‘ಅದ್ರಾಗೆ ಒಂದ್ ಜೊತೆ ಚಪ್ಪಲಿ ತಗಳಪ’ ಎಂದು ಕಳಿಸಿದೆ. ಆಮೇಲೆ ಯೋಚಿಸಿದೆ. ಅವನು 260 ಕಿಲೋಮೀಟರಿಗೂ ಹೆಚ್ಚು ದೂರ ಹುಡುಕಿಕೊಂಡು ಹೋದದ್ದು ಏನನ್ನು? ಅಜ್ಜನ ಹಣೆಗೆ ಗುಲಾಲು ಬಿದ್ದಾಗಲೇ, ನಲವತ್ತು ತಲೆ ಒಂದು ಮೊಬೈಲಿಗೆ ಬಗ್ಗಿದಾಗಲೇ ಕಪ್ಪು ಭಾನುವಳ್ಳಿಗೆ ಬಂದಾಗಿತ್ತಲ್ಲ! ಮುಂದಿನ ಫೈನಲ್ಲಿಗೆ ನಾನಂತೂ ಅದೇ ಕಟ್ಟೆಗೆ ಹೋಗುವವನು. ಹರಿಹರದಲ್ಲಿ ಇಳಿದು ಬಸ್ಸು ಕೇಳಿ, ಬನ್ನಿ. ಚಾಪೆಯ ಮೇಲೆ ಜಾಗ ಉಂಟು, ಮಂಡಕ್ಕಿಯೂ ಉಂಟು. ಕರೆಂಟಿನ ಭರವಸೆ ಮಾತ್ರ ಕೊಡಲಾರೆ!