ಹೊಳೆಯ ಬಣ್ಣ

ನಿವೃತ್ತಿಯ ಬಳಿಕ ನಾನು ಹಚ್ಚಿಕೊಂಡ ಹವ್ಯಾಸ ತೈಲಚಿತ್ರ. ಆರು ಅಂಗುಲಕ್ಕೆ ಎಂಟು ಅಂಗುಲದ ಹಲಗೆ. ಒಂದು ಗಂಟೆಯೊಳಗೆ ಮುಗಿಯಬೇಕು. ಚಂದ್ರಗಿರಿ ಹೊಳೆಯ ಮೇಲಿನ ಸಂಜೆಬೆಳಕು ಅದಕ್ಕಿಂತ ಹೆಚ್ಚು ಹೊತ್ತು ನಮಗಾಗಿ ಕಾಯುವುದಿಲ್ಲ.

ಅವಸರದ ಚಿತ್ರಕ್ಕೇ ಯೋಜನೆ ಹೆಚ್ಚು ಬೇಕು. ಕುಂಚ ಅದ್ದುವ ಮೊದಲು ಬೆಂಕಿಪೆಟ್ಟಿಗೆಯಷ್ಟು ನಕ್ಷೆ ಬರೆದು ನೆರಳು, ನಡುಬೆಳಕು, ಬೆಳಕು ಎಂದು ಮೂರೇ ಪಾಲು ಮಾಡುತ್ತೇನೆ. ಪಕ್ಕದಲ್ಲಿ ಆ ಹೊತ್ತಿನ ಭಾವಕ್ಕೊಂದು ಮಾತು: 'ದೋಣಿ ಮರಳುವ ಹೊತ್ತು', 'ಮಳೆಗೆ ಮೊದಲಿನ ಬಿಗುವು'. ಬಿಗುವಾದರೆ ಮುಕ್ಕಾಲು ಹಲಗೆ ಬೂದಿಬಣ್ಣ, ಕಾವಿ ಒಂದೇ ಚುಕ್ಕೆ. ಹಲಗೆಗೆ ಮೊದಲೇ ಕೆಂಗಂದು ಬಳಿದು ಒಣಗಿಸಿದ್ದರೆ, ಮುರಕಲ್ಲಿನ ನಮ್ಮ ನೆಲದ ಕಾವು ಹಸಿರಿನ ಸಂದುಗಳಲ್ಲಿ ತಾನೇ ಇಣುಕುತ್ತದೆ. ಟ್ಯೂಬುಗಳು ನಾಲ್ಕು: ಬಿಳಿ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ನೀಲಿ. ಕೊನೆಯ ಎರಡು ಕೂಡಿದರೆ ಕಪ್ಪಿನ ಹಂಗಿಲ್ಲ; ಬಿಳಿಯೂ ಬೆರೆತರೆ ಆಟಿ ತಿಂಗಳ ಮೋಡ.

ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821-22ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಬರಿಯ ಮೋಡಗಳನ್ನೇ ತೈಲವರ್ಣದಲ್ಲಿ ಬರೆದು, ಹಲವು ಚಿತ್ರಗಳ ಬೆನ್ನಿಗೆ ದಿನ, ಹೊತ್ತು, ಗಾಳಿಯ ದಿಕ್ಕನ್ನು ಗುರುತಿಸಿಟ್ಟ. ಹಾಜರಿ ಪುಸ್ತಕ ಬರೆದೇ ಆಯುಷ್ಯ ಕಳೆದ ನನಗೆ ಇದು ಬಹಳ ಹಿಡಿಸಿತು. ನಾನೂ ಬರೆದಿಟ್ಟೆ.

ಆ ಟಿಪ್ಪಣಿಗಳೇ ನನ್ನನ್ನು ಹಿಡಿದುಕೊಟ್ಟವು. ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದ್ದ ವರ್ಷಗಳಲ್ಲಿ ನನ್ನಾಕೆ ಹಲಗೆಯನ್ನು ನೋಡಿ, "ಹೊಳೆಗೆ ಇಷ್ಟು ನೀಲಿ ಎಲ್ಲಿಂದ ಬಂತು ಮಾರಾಯ್ರೆ?" ಎನ್ನುತ್ತಿದ್ದಳು. "ಅದು ಭಾವದ ಬಣ್ಣ, ನಿನಗೆ ತಿಳಿಯದು" ಎಂದು, ತರಗತಿಯಲ್ಲಿ ಗದರಿಸುವ ಧ್ವನಿಯಲ್ಲಿ, ಅವಳ ಬಾಯಿ ಮುಚ್ಚಿಸುತ್ತಿದ್ದೆ.

ಕಳೆದ ವರ್ಷ ಎರಡೂ ಕಣ್ಣುಗಳ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದವನು ಹಳೆಯ ಹಲಗೆಗಳನ್ನು ಗೋಡೆಗೆ ಸಾಲಾಗಿ ಒರಗಿಸಿದೆ. ಪೊರೆಯ ಹಳದಿಯಲ್ಲಿ ನೀಲಿ ಮಂಕಾಗಿ ಕಂಡಿತ್ತು. ಸಾಲದೆಂದು ಮೇಲೆ ಮೇಲೆ ಸುರಿದಿದ್ದೆ. ಬೆನ್ನಿನ ತಾರೀಕುಗಳಂತೆ ಜೋಡಿಸಿದರೆ ನೀಲಿ ವರ್ಷದಿಂದ ವರ್ಷಕ್ಕೆ ಏರಿದ್ದು ಸ್ಪಷ್ಟ. ಅವಳು ಹೇಳಿದ್ದೇ ಸರಿಯಾಗಿತ್ತು. ಹಾಗೆಂದು ಒಪ್ಪಿಕೊಳ್ಳೋಣವೆಂದರೆ ಅವಳು ತೀರಿಕೊಂಡು ಆಗಲೇ ಎರಡು ವರ್ಷ.

ಆ ಚಿತ್ರಗಳನ್ನು ತಿದ್ದಲಿಲ್ಲ. ಸಂಘದ ಗೋಡೆಯ ಮೇಲಿರುವುದೂ ಆ ಕಾಲದ್ದೇ, ಸದಸ್ಯರು ಕ್ಷಮಿಸಬೇಕು. ಈಗಲೂ ಸಂಜೆ ಹೊಳೆಯ ದಡದಲ್ಲಿ ಕೂರುತ್ತೇನೆ. ನಕ್ಷೆ, ಮೂರು ಪಾಲು, ಭಾವದ ಮಾತು ಎಲ್ಲವೂ ಮೊದಲಿನಂತೆಯೇ. ನೀಲಿಯನ್ನು ಮಾತ್ರ ಕಡಲೆಕಾಳಿನಷ್ಟೇ ಹಿಂಡಿಕೊಳ್ಳುತ್ತೇನೆ.